ಮೊಸಳೆ ತಲೆ ಮೇಲೆ ಗೂಡು! ರಂಗನತಿಟ್ಟಿನ ಕೊಕ್ಕರೆಗಳಿಗೆ ಭಯ ಇಲ್ವಾ?

ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಒಂದಲ್ಲ ಒಂದು ಸಲ ಈ ಅನುಮಾನ ಬಂದೇ ಬರುತ್ತೆ. ಕೆಳಗೆ ಬಂಡೆ ಮೇಲೆ ಮೊಸಳೆ ಬಾಯಿ ತೆರೆದುಕೊಂಡು ಬಿದ್ದಿದೆ. ಮೇಲೆ ಮರದಲ್ಲಿ ಬಣ್ಣದ ಕೊಕ್ಕರೆ ಆರಾಮಾಗಿ ಮರಿ ಸಾಕ್ತಿದೆ. ಇದಕ್ಕೆ ಬೇರೆ ಜಾಗ ಸಿಗಲಿಲ್ವಾ?

ಪೀಠಿಕೆ ಬೇಗ ಮುಗಿಸ್ತೀನಿ. ಶ್ರೀರಂಗಪಟ್ಟಣದ ಪಕ್ಕದಲ್ಲೇ ಕಾವೇರಿ ನಡುವಿನ ಪುಟ್ಟ ದ್ವೀಪಗಳಿವು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದರು, ನೀರು ನಿಂತು ದ್ವೀಪಗಳಾದವು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರನ್ನು ಒಪ್ಪಿಸಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಆಯ್ತು, ಮೊಸಳೆಗೆ ಬರೋಣ.

ಮೊಟ್ಟೆ-ಮರಿಗೆ ನಿಜವಾದ ಕಂಟಕ ಮರ ಹತ್ತೋ ಪ್ರಾಣಿಗಳದ್ದು. ಅಂಥವು ಈಜಿಕೊಂಡು ಬರಬೇಕು ಅಂದ್ರೆ ಮೊಸಳೆ ಇರೋ ನೀರು ದಾಟಬೇಕು. ಅಂದ್ರೆ ಮೊಸಳೆ ಇಲ್ಲಿ ಸಂಬಳ ಕೇಳದ ವಾಚ್‌ಮನ್. ಅಲ್ಲ, ತಪ್ಪು! ಸಂಬಳ ತಗೊಳ್ಳುತ್ತೆ. ಗೂಡಿಂದ ಜಾರಿ ಬಿದ್ದ ಮರಿ, ಮರಿಯ ಬಾಯಿಂದ ಜಾರಿದ ಮೀನು, ಎಲ್ಲ ಅದರದ್ದೇ. ಇದು ಬರೀ ನನ್ನ ಊಹೆ ಅಂದ್ಕೋಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ ಸಂಶೋಧಕರು ಮೊಸಳೆಯ ಬಂಧು ಅಲಿಗೇಟರ್‌ಗಳನ್ನು ಹಿಡಿದು ಅಳತೆ ಮಾಡಿದ್ರು. ಪಕ್ಷಿಗಳು ಗೂಡು ಕಟ್ಟಿದ ದ್ವೀಪಗಳ ಹತ್ತಿರ ಇದ್ದವು ಬೇರೆ ಕಡೆಯವಕ್ಕಿಂತ ಚೆನ್ನಾಗಿ ಮೈತುಂಬಿಕೊಂಡಿದ್ದವು! ಅಲ್ಲಿ ಮರ ಹತ್ತೋ ಕಳ್ಳ ರಕೂನ್. ನಮ್ಮ ಕಡೆ ಅದೇ ಕೆಲಸಕ್ಕೆ ಪುನುಗು ಬೆಕ್ಕಿನಂಥವು ಇವೆ. ಕೊಕ್ಕರೆಯ ಲೆಕ್ಕ ನೋಡಿ: ಗೂಡಿಗೇ ಕಳ್ಳ ನುಗ್ಗಿ ಎಲ್ಲ ಹೋಗೋದಕ್ಕಿಂತ ಬಿದ್ದ ಒಂದು ಮರಿ ಹೋದ್ರೂ ಲಾಭವೇ. ಕ್ರೂರ ಅನ್ಸುತ್ತೆ, ಆದ್ರೆ ಲೆಕ್ಕ ಸರಿ ಇದೆ.

ಟೈಮ್ ಆಗೋಯ್ತು, ಉಳಿದಿದ್ದು ಚುಟುಕಾಗಿ. ಹೆಜ್ಜಾರ್ಲೆ, ಚಮಚದ ಕೊಕ್ಕು, ಬಾಯ್ಕಳಕ, ನೀರುಕಾಗೆ ಎಲ್ಲವೂ ಇಲ್ಲಿ ಸಿಗ್ತವೆ. ತಲೆಕೆಳಗಾಗಿ ನೇತಾಡೋ ಬಾವಲಿಗಳನ್ನೂ ಮರೀಬೇಡಿ. ಮರಿಗಳನ್ನು ನೋಡಬೇಕಂದ್ರೆ ಬೇಸಿಗೆ ಮುಗಿಯೋದ್ರೊಳಗೆ ಹೋಗಿ, ಬೆಳಿಗ್ಗೆಯ ದೋಣಿ ಹಿಡೀರಿ. ದ್ವೀಪದ ಮೇಲೆ ಇಳಿಯೋ ಹಾಗಿಲ್ಲ, ಇಳಿಬಾರದು ಕೂಡ. ಫೋಟೋಗೋಸ್ಕರ "ಇನ್ನೂ ಹತ್ತಿರ ಹೋಗಣ್ಣ" ಅಂತ ದೋಣಿಯವರಿಗೆ ದುಂಬಾಲು ಬೀಳಬೇಡಿ. ದೊಡ್ಡ ಹಕ್ಕಿ ಗಾಬರಿಯಾಗಿ ಎದ್ದರೆ ಗೂಡಲ್ಲಿರೋ ಮೊಟ್ಟೆ-ಮರಿಗೆ ಬಿಸಿಲು ಬಡಿಯುತ್ತೆ. ಮಳೆಗಾಲದಲ್ಲಿ ಹೊರಡೋ ಮುಂಚೆ ಕೆಆರ್‌ಎಸ್‌ನಿಂದ ಎಷ್ಟು ನೀರು ಬಿಡ್ತಿದ್ದಾರೆ ನೋಡ್ಕೊಳ್ಳಿ. ಹೊಳೆ ಏರಿದ ದಿನ ದೋಣಿ ಬಿಡೋದಿಲ್ಲ.