ಹಳೇ ಕಾರ್ಡಿಗೆ ಇನ್ಶೂರೆನ್ಸ್: ಕೇಳಿದ ಬೆಲೆ ಬೇಡ, ಮಾರಿದ ಬೆಲೆ ಹೇಳಿ

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ನಾವು ಹವ್ಯಾಸಕ್ಕೆ ಕೂಡಿಡುವ ಆಟಗಾರರ, ಪೋಕೆಮಾನ್ ಚಿತ್ರದ ಕಾರ್ಡುಗಳಿಗೆ ಬೆಲೆ ಕಟ್ಟಿ ಇನ್ಶೂರೆನ್ಸ್ ಮಾಡಿಸುವ ಬಗ್ಗೆ ಹೋದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಓದುತ್ತೇನೆ, ಕೇಳಿ. "ಇಷ್ಟೆಲ್ಲಾ ರಗಳೆ ಯಾಕೆ? ನನ್ನ ಹತ್ತಿರ ಹಳೇ ಕಾರ್ಡುಗಳಿವೆಯಲ್ಲ, ಅದೇ ಕಾರ್ಡ್ ಆನ್‌ಲೈನಲ್ಲಿ ಬೇರೆಯವರು ಎಷ್ಟಕ್ಕೆ ಮಾರೋಕೆ ಹಾಕಿದ್ದಾರೆ ಅಂತ ನೋಡಿದೆ. ಎಲ್ಲಾ ಕೂಡಿಸಿದೆ. ಆ ಮೊತ್ತಕ್ಕೆ ಇನ್ಶೂರೆನ್ಸ್ ಮಾಡಿಸಿದೆ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ! ಇಪ್ಪತ್ತು ವರ್ಷ ಕೂಡಿಟ್ಟ ಕಾರ್ಡುಗಳಿಗೆ ಅರ್ಧ ಗಂಟೆ.

ಮಾರುವವರು ಕೇಳಿದ ಬೆಲೆ ಬೆಲೆ ಅಲ್ಲ. ಮಾರಾಟವಾದ ಬೆಲೆ ಮಾತ್ರ ಬೆಲೆ. ಇವತ್ತು ನಾನು ಹೇಳೋಕೆ ಬಂದಿರುವುದು ಇದೊಂದೇ.

ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು, ಅಲ್ವಾ? ಕೇಳೋಕೆ ಕಾಸು ಖರ್ಚಿಲ್ಲ. ಒಂದು ಕಾರ್ಡ್ ಎರಡು ವರ್ಷದಿಂದ ಅದೇ ಬೆಲೆಗೆ ಅಲ್ಲೇ ಕೂತಿದೆ ಅಂದರೆ ಅರ್ಥ ಏನು? ಆ ಬೆಲೆಗೆ ಯಾರೂ ಕೊಂಡಿಲ್ಲ ಅಂತ. ಯಾರೂ ಕೊಳ್ಳದ ಬೆಲೆಯನ್ನು ನೀವು ತಂದು ಪಾಲಿಸಿಯಲ್ಲಿ ಬರೆಸಿದ್ದೀರಿ.

ಇನ್ಶೂರೆನ್ಸ್ ಇರುವುದು ನಷ್ಟ ತುಂಬಿಕೊಡೋಕೆ, ಲಾಭ ಮಾಡಿಕೊಡೋಕೆ ಅಲ್ಲ. ಪೇಟೆಯಲ್ಲಿ ನಾಲ್ಕು ಬಾಳುವ ಕಾರ್ಡಿಗೆ ನೀವು ಹತ್ತು ಅಂತ ಬರೆಸಿದರೆ ಪ್ರೀಮಿಯಂ ಹತ್ತರ ಲೆಕ್ಕದಲ್ಲಿ ಕಟ್ಟುತ್ತೀರಿ. ಕ್ಲೇಮ್ ಬಂದ ದಿನ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದು ನಾಲ್ಕೇ. ಕಡಿಮೆ ಬರೆಸಿದರೂ ಕಷ್ಟವೇ. ಅರ್ಧ ಬೆಲೆಗೆ ಇನ್ಶೂರ್ ಮಾಡಿದ್ದರೆ, ಆದ ನಷ್ಟದಲ್ಲಿ ಅರ್ಧ ಮಾತ್ರ ಕೊಡುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ಅದಕ್ಕೇ ನಾನು ಬಡಕೊಳ್ಳುತ್ತಿರುವುದು. ಸರಿಯಾದ ಬೆಲೆ ಬೇಕು.

ಈಗ "ಅದೇ ಕಾರ್ಡ್" ಅನ್ನುವ ಮಾತಿಗೆ ಬರೋಣ. ಯಾವ ಅದೇ ಕಾರ್ಡ್? ಟಾಪ್ಸ್ ಕಂಪನಿಯ 1952ರ ಸೆಟ್, ನಂಬರ್ 311, ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್. ಈ ಹವ್ಯಾಸದಲ್ಲಿ ಇರುವವರಿಗೆ ಪರಿಚಯ ಬೇಡ. ಹೊಸಬರಿಗೆ ಒಂದು ಮಾತು, ಪಿಎಸ್‌ಎ, ಎಸ್‌ಜಿಸಿ ಅಂದರೆ ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ಗ್ರೇಡ್ ಕೊಡುವ ಕಂಪನಿಗಳು. 2021ರ ಜನವರಿಯಲ್ಲಿ ಪಿಎಸ್‌ಎ 9 ಗ್ರೇಡಿನದ್ದು 52 ಲಕ್ಷ ಡಾಲರಿಗೆ ಹೋಯಿತು. 2022ರ ಆಗಸ್ಟಿನಲ್ಲಿ ಎಸ್‌ಜಿಸಿ 9.5 ಗ್ರೇಡಿನದ್ದು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದೇ ಚಿತ್ರ, ಅದೇ ವರ್ಷ, ಅದೇ ನಂಬರ್. ಬೆಲೆ ಎರಡು ಪಟ್ಟಿಗಿಂತ ಜಾಸ್ತಿ. ಇದರಲ್ಲಿ ನಿಮ್ಮದು ಯಾವುದು? ಮೂಲೆ ಮೊಂಡಾಗಿ ನಡುವೆ ಮಡಿಕೆ ಬಿದ್ದಿರುವ ಕಾರ್ಡ್ ಆದರೆ ಇವೆರಡೂ ನಿಮ್ಮ ಬೆಲೆಗಳಲ್ಲ.

ಪೋಕೆಮಾನ್ ಇಟ್ಟುಕೊಂಡವರೂ ಕೇಳಿ. 1999ರ ಇಂಗ್ಲಿಷ್ ಬೇಸ್ ಸೆಟ್, ಚಾರಿಝಾರ್ಡ್, 102 ಕಾರ್ಡುಗಳಲ್ಲಿ 4ನೇ ನಂಬರ್. ಚಿತ್ರದ ಎಡಕ್ಕೆ ಸ್ವಲ್ಪ ಕೆಳಗೆ ಫಸ್ಟ್ ಎಡಿಶನ್, ಅಂದರೆ ಮೊದಲ ಮುದ್ರಣ ಅನ್ನುವ ಮುದ್ರೆ ಇದೆಯಾ ನೋಡಿ. ಮುದ್ರೆ ಇಲ್ಲ ಅಂದರೆ ಚಿತ್ರದ ಚೌಕಟ್ಟಿನ ಬಲ ಅಂಚು ನೋಡಿ. ಅಲ್ಲಿ ನೆರಳಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು ಬೆಲೆ. ನೂಲಿನಷ್ಟು ನೆರಳು ಸ್ವಾಮಿ! ಅದನ್ನು ನೋಡದೆ ಬೆಲೆ ಬರೆದರೆ ಸುಮ್ನೆ ಬಾಯಿಗೆ ಬಂದ ನಂಬರ್ ಬರೆದ ಹಾಗೆ.

ನಾನು ಮಾಡುವುದು ಹೀಗೆ. ಕಾರ್ಡನ್ನು ದೀಪದ ಕೆಳಗೆ ಹಿಡಿದು ನಿಧಾನಕ್ಕೆ ಓರೆ ಮಾಡುತ್ತೇನೆ. ನೇರ ನೋಡಿದಾಗ ಲಕಲಕ ಅನ್ನುವ ಕಾರ್ಡು, ಒಂದು ಕೋನದಲ್ಲಿ ಬೆಳಕು ಜಾರಿದಾಗ ಎಡ ಅಂಚಿನಲ್ಲಿ ಬಿಲ್ಲಿನಂಥ ಒಂದು ತಗ್ಗು ತೋರಿಸುತ್ತದೆ. ರಿಂಗ್ ಬೈಂಡರ್, ಅಂದರೆ ಕಾರ್ಡ್ ಇಡುವ ಉಂಗುರದ ಫೈಲ್, ಒತ್ತಿದ ಗುರುತು ಅದು. ಬೈಂಡರಿನಲ್ಲಿ ಉಂಗುರದ ಪಕ್ಕದ ಸಾಲಿನಲ್ಲಿ ಕೂತ ಕಾರ್ಡುಗಳ ಗತಿ ಇದು. ಹೆತ್ತವರಿಗೆ ಹೆಗ್ಗಣವೂ ಮುದ್ದು ಅಂತಾರಲ್ಲ, ನಮ್ಮ ಕಾರ್ಡಿನ ಗಾಯ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಗ್ರೇಡ್ ಮಾಡುವವರ ಕಣ್ಣಿಗೆ ಬೀಳುತ್ತದೆ.

ಅಂದಹಾಗೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿಕೊಳ್ಳಿ. ಕಾರ್ಡ್ ಪಟ್ಟಿ ಮಾಡೋಕೆ ನಾನೇ ಒಂದು ಶೀಟ್ ಮಾಡಿದ್ದೇನೆ, ಲಿಂಕ್ ಕೆಳಗಿದೆ, ದುಡ್ಡಿಲ್ಲ. ವರ್ಷ, ಸೆಟ್, ನಂಬರ್, ಗ್ರೇಡ್, ಸ್ಲ್ಯಾಬ್ (ಗ್ರೇಡ್ ಆದ ಕಾರ್ಡನ್ನು ಮುಚ್ಚಿ ಕೊಡುವ ಪ್ಲಾಸ್ಟಿಕ್ ಕವಚ) ಮೇಲಿನ ಸರ್ಟಿಫಿಕೇಟ್ ನಂಬರ್, ಎರಡೂ ಬದಿಯ ಫೋಟೋ. ಕೊನೆಯಲ್ಲಿ ಮಾರಾಟವಾದ ಬೆಲೆ, ಮಾರಾಟವಾದ ತಾರೀಕು. ಕೇಳಿದ ಬೆಲೆಗೆ ಅದರಲ್ಲಿ ಜಾಗವೇ ಇಟ್ಟಿಲ್ಲ.

ತಾರೀಕು ಯಾಕೆ? ಫ್ಲೀರ್ ಕಂಪನಿಯ 1986ರ ಕಾರ್ಡ್, ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಅವರ ರೂಕಿ ಕಾರ್ಡ್, ಅಂದರೆ ಆಟಗಾರ ಹೊಸಬನಾಗಿದ್ದಾಗಿನದ್ದು, ಪಿಎಸ್‌ಎ 10. 2021ರ ಜನವರಿಯಲ್ಲಿ 7,38,000 ಡಾಲರಿಗೆ ಮಾರಾಟವಾಯಿತು. ಮುಂದಿನ ವರ್ಷಕ್ಕೆ ಅದೇ ಗ್ರೇಡಿನ ಕಾರ್ಡ್ ಆ ಬೆಲೆಯ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು. ಆ ಜನವರಿಯ ಬೆಲೆ ಬರೆಸಿ ಮರೆತವರು ಎಷ್ಟು ದಿನ ದಂಡದ ಪ್ರೀಮಿಯಂ ಕಟ್ಟಿರಬೇಕು ಹೇಳಿ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಬೆಲೆ ಮತ್ತೆ ನೋಡಿ. ಒಂದೇ ಮಾರಾಟ ಹಿಡಿದು ಕೂರಬೇಡಿ, ಇತ್ತೀಚಿನ ಮೂರು ನಾಲ್ಕು ನೋಡಿ.

ಇನ್ನೊಂದು ಮೋಸ. ಇಬೇ ಅನ್ನುವ ಮಾರಾಟದ ವೆಬ್‌ಸೈಟಿನಲ್ಲಿ ಸೋಲ್ಡ್, ಅಂದರೆ ಮಾರಾಟವಾದವುಗಳ ಪಟ್ಟಿ ನೋಡುವಾಗ ಕೆಲವು ಬೆಲೆಗಳ ಮೇಲೆ ಅಡ್ಡಗೆರೆ ಎಳೆದಿರುತ್ತದೆ, ಬೆಸ್ಟ್ ಆಫರ್, ಅಂದರೆ ಕೊಳ್ಳುವವರು ಚೌಕಾಸಿ ಮಾಡಿ ಹೇಳಿದ ಬೆಲೆ, ಒಪ್ಪಿದ್ದಾರೆ ಅಂತ ಇರುತ್ತದೆ. ಅಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆ ಅಲ್ಲ! ಮಾರಾಟದ ಪಟ್ಟಿಯೊಳಗೂ ಕೇಳಿದ ಬೆಲೆ ನುಸುಳಿಕೊಂಡು ಬರುತ್ತದೆ. ಹಾಗೇ ಹರಾಜಿನಲ್ಲಿ ಕೂಗಿದ ಮೊತ್ತದ ಮೇಲೆ ಬೈಯರ್ಸ್ ಪ್ರೀಮಿಯಂ, ಅಂದರೆ ಕೊಂಡವರು ಹರಾಜು ಸಂಸ್ಥೆಗೆ ಕೊಡುವ ಶುಲ್ಕ, ಸೇರುತ್ತದೆ. ಕೊಂಡವರ ಜೇಬಿನಿಂದ ಹೋದದ್ದು ಒಟ್ಟು ಎಷ್ಟೋ ಅದೇ ಲೆಕ್ಕ. ನಾಳೆ ಆ ಕಾರ್ಡ್ ಮತ್ತೆ ಕೊಳ್ಳಬೇಕಾದರೆ ನೀವೂ ಅಷ್ಟೇ ಕೊಡಬೇಕಲ್ವಾ?

"ಪ್ರೈಸ್ ಗೈಡ್ ಪುಸ್ತಕ ಇದೆಯಲ್ಲ" ಅಂತೀರಾ? ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಅದು ಹಳೇ ಪಂಚಾಂಗ. "ಅಂಗಡಿಯವರು ಹೇಳಿದರು" ಅಂತೀರಾ? ಅವರು ಕೊಳ್ಳುವಾಗ ಒಂದು ಹೇಳುತ್ತಾರೆ, ಮಾರುವಾಗ ಒಂದು ಹೇಳುತ್ತಾರೆ. "ನಂದು ಮೊದಲೇ ಮೊತ್ತ ಒಪ್ಪಿಕೊಂಡಿರುವ ಪಾಲಿಸಿ, ಹಾಗಾಗಿ ನಾನು ಹೇಳಿದ್ದೇ ಬೆಲೆ" ಅಂತ ಇನ್ನೊಬ್ಬರು ಬರೆದಿದ್ದಾರೆ. ಅಯ್ಯೋ ದೇವರೇ. ಒಪ್ಪಿಸೋಕೆ ಏನು ತೋರಿಸುತ್ತೀರಿ? ಮಾರಾಟವಾದ ಬೆಲೆ. ಮತ್ತೆ ಅಲ್ಲಿಗೇ ಬಂದಿರಿ!

ನನ್ನ ಒಬ್ಬ ಗೆಳೆಯನ ಮನೆಯಲ್ಲಿ ನೀರಿನ ಪೈಪ್ ಒಡೆಯಿತು. ಕಾರ್ಡಿನ ಡಬ್ಬಿ ನೆಲದ ಮೇಲಿತ್ತು. ನಾನು ಹೋದಾಗ ಅವನು ಒಂದು ಕಟ್ಟು ಕೈಯಲ್ಲಿ ಹಿಡಿದು ಕೂತಿದ್ದ. ನೆನೆದು, ಒಣಗಿ, ಇಟ್ಟಿಗೆ ಥರ ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸೋಕೆ ಹೋದರೆ ಮೇಲಿನ ಕಾರ್ಡಿನ ಬಣ್ಣ ಕೆಳಗಿನದರ ಜೊತೆ ಕಿತ್ತು ಬರುತ್ತಿತ್ತು. ಅವನ ಹತ್ತಿರ ಫೈಲ್ ತುಂಬಾ ಪ್ರಿಂಟ್ ಇತ್ತು. ಎಲ್ಲವೂ ಯಾರ್ಯಾರೋ ಕೇಳಿದ ಬೆಲೆಗಳು. ಇನ್ಶೂರೆನ್ಸ್ ಕಂಪನಿಯಿಂದ ಬಂದವರು ತಾಳ್ಮೆಯಿಂದ ಎಲ್ಲಾ ತಿರುವಿ ಒಂದೇ ಮಾತು ಕೇಳಿದರು. "ಈ ಬೆಲೆಗೆ ಯಾರಾದರೂ ಕೊಂಡಿದ್ದಾರಾ?" ಅವನ ಬಾಯಿಂದ ಮಾತೇ ಬರಲಿಲ್ಲ. ಕೊನೆಗೆ ಅವನ ಲೆಕ್ಕದ ಕಾಲು ಭಾಗವೂ ಕೈಗೆ ಸಿಗಲಿಲ್ಲ. ಆ ಮುಖ ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ಇನ್ನೂ ಏನೇನೋ ಬರೆದುಕೊಂಡಿದ್ದೆ. ಬಿಡಿ. ಕಾಮನ್ ಕಾರ್ಡುಗಳನ್ನು, ಅಂದರೆ ಎಲ್ಲೆಲ್ಲೂ ಸಿಗುವ ಅಗ್ಗದ ಕಾರ್ಡುಗಳನ್ನು, ಡಬ್ಬಿ ಲೆಕ್ಕದಲ್ಲಿ ಒಟ್ಟಿಗೆ ಬರೆದರೆ ಸಾಕು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮುಂದಿನ ವಾರ ಲೈವ್ ಬರುತ್ತೇನೆ, ಗಂಟೆ ಗುರುತು ಒತ್ತಿಟ್ಟುಕೊಳ್ಳಿ. ಅಲ್ಲೂ ಇದನ್ನೇ ಹೇಳುತ್ತೇನೆ. ಮಾರಿದ ಬೆಲೆ, ಮಾರಿದ ಬೆಲೆ, ಮಾರಿದ ಬೆಲೆ!

ಆ ಕಾಮೆಂಟ್ ಹಾಕಿದ ಗೆಳೆಯರೇ, ನಿಮ್ಮ ಮೇಲೆ ಕೋಪ ಇಲ್ಲ. ನಿಮ್ಮ ಪಟ್ಟಿಯ ಮೊದಲ ಕಾರ್ಡ್ ಯಾವುದು ಅಂತ ಕೆಳಗೆ ಬರೆಯಿರಿ. ವರ್ಷ, ಸೆಟ್, ನಂಬರ್, ಎರಡೂ ಬದಿ ಹೇಗಿದೆ ಅಂತ. ಲೈವಿನಲ್ಲಿ ಅದರಿಂದಲೇ ಶುರು ಮಾಡೋಣ.