ಬೆವರೋ ಶೀತಕ್ಕೆ ಚೀನಾದ ಕಷಾಯ: ಗುಯ್‌ಝಿ ಟಾಂಗ್

ತಕ್ಕಡಿ ಮೇಲೆ ಈಗ ಕಾಣ್ತಿರೋದು ಗುಯ್‌ಝಿ, ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ. 9 ಗ್ರಾಂ. ಮಸಾಲೆ ಡಬ್ಬಿಯ ಚಕ್ಕೆ ಹಾಕಿದ್ರೆ ಆಗಲ್ವಾ? ಆಗಲ್ಲ. ಚಕ್ಕೆ ತೊಗಟೆ, ಚೀನೀ ವೈದ್ಯರಿಗೆ ಅದು ಬೇರೆಯದೇ ಔಷಧಿ. ಪಕ್ಕದಲ್ಲಿ ಬಿಳಿ ಪಿಯೋನಿ ಅನ್ನೋ ಹೂಗಿಡದ ಬೇರು 9 ಗ್ರಾಂ, ಹಸಿಶುಂಠಿ 9 ಗ್ರಾಂ, ಜೇನುತುಪ್ಪದಲ್ಲಿ ಹುರಿದ ಅತಿಮಧುರ 6 ಗ್ರಾಂ, ಒಣಗಿದ ಕೆಂಪು ಎಲಚಿ ಹಣ್ಣು ನಾಲ್ಕು. ದೊಡ್ಡೋರಿಗೆ ಒಂದು ದಿನದ ಅಳತೆ ಇದು. ಹಾನ್ ರಾಜವಂಶದ ಕೊನೆಗಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬರೆದಿಟ್ಟ ಔಷಧಿ ಸೂತ್ರ, ಸುಮಾರು 1,800 ವರ್ಷ ಹಳೇದು.

ಶೀತ ಅಂದ ತಕ್ಷಣ ಇದನ್ನ ಒಲೆ ಮೇಲಿಡಬೇಡಿ. ಸಣ್ಣ ಜ್ವರ, ಗಾಳಿ ಸೋಕಿದ್ರೆ ಮೈ ಜುಮ್ಮನ್ನುತ್ತೆ, ಆದ್ರೂ ತಾನಾಗೇ ಬೆವರ್ತಾ ಇದೆ. ಇದು ಅಂಥವರಿಗೆ. ಗಂಟಲು ಕೆಂಪಗಾಗಿ ಉರಿ, ಹಳದಿ ಕಫ, ಬಾಯಾರಿಕೆ ಇದ್ರೆ ಅದು ಅವರ ಲೆಕ್ಕದಲ್ಲಿ ಉಷ್ಣದ ಶೀತ, ಈ ಕಷಾಯ ಅದನ್ನ ಕೆರಳಿಸುತ್ತೆ. ಹನಿ ಬೆವರಿಲ್ಲದೆ ಚಳಿಗೆ ನಡುಗೋರಿಗೆ ಮಾಹುವಾಂಗ್ ಅನ್ನೋ ಮೂಲಿಕೆ ಸೇರಿದ ಇನ್ನೊಂದು ಕಷಾಯ ಇದೆ. ಅದರಲ್ಲಿ ಎಫೆಡ್ರಿನ್ ಅನ್ನೋ ಉತ್ತೇಜಕ ಇರೋದ್ರಿಂದ ಬಿಪಿ, ಎದೆಬಡಿತ ಎರಡೂ ಏರುತ್ತೆ. ಮನೇಲಿ ಅದರ ಸಹವಾಸ ಬೇಡ.

ಮಣ್ಣಿನ ಪಾತ್ರೆ ಒಳ್ಳೇದು, ಸ್ಟೀಲ್ ಪರವಾಗಿಲ್ಲ, ಕಬ್ಬಿಣ ಬೇಡ. ಪಿಯೋನಿ ಬೇರಿನ ಒಗರು ಕಬ್ಬಿಣಕ್ಕೆ ತಾಗಿದ್ರೆ ಕಷಾಯ ಕಪ್ಪಾಗುತ್ತೆ. ಎಲಚಿ ಹಣ್ಣನ್ನ ಹೀಗೆ ಕೈಯಲ್ಲಿ ಸಿಗೀರಿ. ಇಡಿಯಾಗಿ ಹಾಕಿದ್ರೆ ಸಿಪ್ಪೆ ಒಳಗಿನ ಸಿಹಿ ಹೊರಗೆ ಬರೋದೇ ಇಲ್ಲ. ಏಳು ಲೋಟ ನೀರು ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸಣ್ಣ ಉರಿಯಲ್ಲಿ ಮೂರು ಲೋಟಕ್ಕೆ ಇಳಿಸಿ. ಉರಿ ಜೋರು ಮಾಡಿದ್ರೆ ನೀರೇನೋ ಬೇಗ ಇಂಗುತ್ತೆ, ಸತ್ವ ಮಾತ್ರ ಕಡ್ಡಿಯಲ್ಲೇ ಉಳಿಯುತ್ತೆ. ಸೋಸಿ, ಒಂದು ಲೋಟ ಬೆಚ್ಚಗೆ ಕುಡೀರಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಗುಣ ಬರಲಿಲ್ಲ ಅಂತಾರೆ. ಕುಡಿದ ಸ್ವಲ್ಪ ಹೊತ್ತಿಗೆ ಬಿಸಿ ಬಿಸಿ ತೆಳು ಅಕ್ಕಿ ಗಂಜಿ ಒಂದು ಬಟ್ಟಲು ಕುಡಿದು, ಎರಡು ಗಂಟೆ ಹೊದ್ದು ಮಲಗಬೇಕು. ಮೂಲ ವಿಧಾನದಲ್ಲೇ ಇದೆ ಇದು, ನಮ್ಮ ಕಡೆಯ ಸೇರ್ಪಡೆ ಅಲ್ಲ! ಬೆವರು ಮೈಯೆಲ್ಲಾ ಪಸೆ ಆಡುವಷ್ಟು ಬಂದ್ರೆ ಸಾಕು. ಎರಡೆರಡು ಕಂಬಳಿ ಹೊದ್ದು ಧಾರಾಕಾರ ಇಳಿಸಿಕೊಂಡ್ರೆ ಸುಸ್ತು ಮಿಕ್ಕುತ್ತೆ, ಕಾಯಿಲೆ ಹಾಗೇ ಇರುತ್ತೆ ಅಂತ ಝಾಂಗ್ ಅವರೇ ಎಚ್ಚರಿಸಿದ್ದಾರೆ. ಪಥ್ಯದಲ್ಲಿ ಮಾಂಸ, ಮದ್ಯ, ತಣ್ಣಗಿನದು, ಹಾಲಿನ ಪದಾರ್ಥ ಎಲ್ಲಾ ವರ್ಜ್ಯ. ಬೆಳ್ಳುಳ್ಳಿಯೂ ಅಷ್ಟೇ, ಹಾಗಾಗಿ ಬೆಳ್ಳುಳ್ಳಿ ಸಾರಿನ ಆಸೆ ಬಿಡಿ.

ಸಾಮಾನ್ಯ ನೆಗಡಿ ಏನೂ ಮಾಡದಿದ್ರೂ ವಾರ, ಹತ್ತು ದಿನದಲ್ಲಿ ಹೋಗುತ್ತೆ, ಅದನ್ನ ಕಷಾಯದ ಲೆಕ್ಕಕ್ಕೆ ಬರೀಬೇಡಿ. ಅತಿಮಧುರ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸಬಹುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಬಸುರಿಯರು ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಉಸಿರು ಕಟ್ಟಿದ್ರೆ, ಜ್ವರ ಮೂರು ದಿನ ದಾಟಿದ್ರೆ ಸೀದಾ ಆಸ್ಪತ್ರೆ.

ಮೊದಲ ಲೋಟಕ್ಕೇ ಬೆವರು ಬಂದು ಮೈ ಹಗುರಾಯ್ತಾ? ಉಳಿದ ಎರಡು ಲೋಟ ಚೆಲ್ಲಿಬಿಡಿ.