ಲ್ಯುಬ್ಲಿಯಾನಾಗೆ ಅರ್ಧ ದಿನ ಸಾಲದು

ನನ್ನ ಅಂಗೈಯಲ್ಲಿ ಮೂರು ನಾಣ್ಯಗಳಿವೆ. ಮೂರೂ ಸ್ಲೊವೇನಿಯಾದವು. ಎರಡು ಯೂರೋ ಮೇಲಿರೋದು ಫ್ರಾನ್ಸೆ ಪ್ರೆಶೆರನ್, ಕವಿ. ಒಂದು ಯೂರೋ ಮೇಲಿರೋದು ಪ್ರಿಮೊಜ್ ಟ್ರುಬಾರ್, 1550ರಲ್ಲಿ ಸ್ಲೊವೇನಿಯನ್ ಭಾಷೆಯ ಮೊದಲ ಪುಸ್ತಕಗಳನ್ನು ಅಚ್ಚು ಹಾಕಿಸಿದ ಪಾದ್ರಿ. ಮೂರನೆಯದು ಹತ್ತು ಸೆಂಟ್. ಅದರ ಕಥೆಗೆ ಆಮೇಲೆ ಬರ್ತೀನಿ.

ವೆನಿಸ್ ನೋಡಿ ಬ್ಲೆಡ್ ಸರೋವರಕ್ಕೆ ಹೋಗೋ ದಾರೀಲಿ ಒಂದರ್ಧ ದಿನ ಇಳಿಯೋದು, ಕೋಟೆ ಹತ್ತೋದು, ಡ್ರ್ಯಾಗನ್ ಸೇತುವೆ ಮುಂದೆ ಫೋಟೋ ತೆಗೆಸಿಕೊಳ್ಳೋದು, ಹೊರಡೋದು. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾಗೆ ಹೆಚ್ಚಿನ ಪ್ರವಾಸಿಗರು ಕೊಡೋದು ಇಷ್ಟೇ. ಇದರ ಮೇಲೆ ನನಗೆ ತಕರಾರಿದೆ. ಊರಲ್ಲಿರೋದು ಸುಮಾರು ಮೂರು ಲಕ್ಷ ಜನ, ಇಡೀ ದೇಶದಲ್ಲಿ 21 ಲಕ್ಷ. ಲೂವ್ರ್ ಥರದ ಮ್ಯೂಸಿಯಂ ಇಲ್ಲಿಲ್ಲ, ಒಪ್ಪಿದೆ. ಆದರೆ ಒಂದು ಸಣ್ಣ ಭಾಷೆ ತನಗೊಂದು ರಾಜ್ಯ ಸಿಗೋದಕ್ಕೆ ಎಷ್ಟೋ ಮೊದಲೇ ತನಗೊಂದು ರಾಜಧಾನಿ ಕಟ್ಟಿಕೊಂಡಿದ್ದನ್ನ ಕಣ್ಣಾರೆ ನೋಡಬೇಕು ಅಂದ್ರೆ, ಇಲ್ಲಿಗೇ ಬರಬೇಕು.

ಊರಿನ ನಟ್ಟನಡುವಿನ ಚೌಕದಿಂದ ಶುರು ಮಾಡೋಣ. ಅಲ್ಲಿ ನಿಂತಿರೋದು ಪ್ರೆಶೆರನ್. ಹೊಟ್ಟೆಪಾಡಿಗೆ ವಕೀಲಿಕೆ, 1800ರಲ್ಲಿ ಹುಟ್ಟಿ 1849ರಲ್ಲಿ ತೀರಿಕೊಂಡ. ಪ್ರತಿಮೆ ನಿಲ್ಲಿಸಿದ್ದು 1905ರಲ್ಲಿ. ಆಗ ಊರಿನ ಮೇಲೆ ವಿಯೆನ್ನಾದ ಚಕ್ರವರ್ತಿಯ ಆಡಳಿತ. ಹೊರಗಿನವರ ಪಾಲಿಗೆ ಊರಿನ ಹೆಸರೂ ಲ್ಯುಬ್ಲಿಯಾನಾ ಅಲ್ಲ, ಲೈಬಾಖ್. ಮೇಲಿನ ಅಧಿಕಾರವೆಲ್ಲ ಜರ್ಮನ್ ಭಾಷೆಯದು. ಅಂಥ ಕಾಲದಲ್ಲಿ, ಅತಿ ಮುಖ್ಯ ಜಾಗದಲ್ಲಿ ತಮ್ಮ ಭಾಷೆಯ ಕವಿಯನ್ನ ನಿಲ್ಲಿಸಿಬಿಟ್ಟರು. ಕವಿಯ ತಲೆಯ ಮೇಲೆ ಕಾವ್ಯದೇವತೆ ಇದ್ದಾಳೆ, ಅರೆನಗ್ನೆ. ಎದುರಿಗೇ ಫ್ರಾನ್ಸಿಸ್ಕನ್ ಚರ್ಚ್. ದೊಡ್ಡ ಗಲಾಟೆಯಾಯಿತು, ಚರ್ಚಿಗೆ ಕಾಣದಿರಲಿ ಅಂತ ನಡುವೆ ಬರ್ಚ್ ಮರಗಳನ್ನ ನೆಟ್ಟರು. ಕವಿ ಮಾತ್ರ ಕದಲಲಿಲ್ಲ.

ಅವನು ನೋಡ್ತಿರೋ ದಿಕ್ಕಿಗೆ ನೀವೂ ನೋಡಿ. ವೋಲ್ಫ್ ಬೀದಿಯ ಒಂದು ಮನೆ ಗೋಡೆ ಮೇಲೆ, ಕಿಟಕಿಯಿಂದ ಇಣುಕಿದ ಹಾಗೆ ಹೆಣ್ಣಿನ ಉಬ್ಬುಶಿಲ್ಪ ಇದೆ. ಯೂಲಿಯಾ ಪ್ರಿಮಿಟ್ಸ್, ಶ್ರೀಮಂತ ವ್ಯಾಪಾರಿಯ ಮಗಳು. 1833ರಲ್ಲಿ ಚರ್ಚಲ್ಲಿ ಅವಳನ್ನ ಕಂಡವನು ಮನಸೋತು, ಸಾನೆಟ್ಟುಗಳ ಒಂದು ಮಾಲೆಯನ್ನೇ ಕಟ್ಟಿದ. ಹದಿನೈದನೆಯ ಸಾನೆಟ್ಟಿನ ಸಾಲುಗಳ ಮೊದಲಕ್ಷರ ಕೂಡಿಸಿದರೆ ಅವಳ ಹೆಸರು ಬರುತ್ತೆ. ಅವಳು ಒಲಿಯಲಿಲ್ಲ. ಬೇರೆಯವರನ್ನ ಮದುವೆಯಾದಳು.

ಸ್ಲೊವೇನಿಯನ್ ವ್ಯಾಕರಣದ ಒಂದು ವಿಷಯ ಇಲ್ಲೇ ಹೇಳಬೇಕು. ಶಾಲೇಲಿ ಸಂಸ್ಕೃತ ಓದಿದವರಿಗೆ ರಾಮಃ, ರಾಮೌ, ರಾಮಾಃ ನೆನಪಿರುತ್ತೆ. ಆ ದ್ವಿವಚನ ಯುರೋಪಿನ ಹೆಚ್ಚಿನ ಭಾಷೆಗಳಲ್ಲಿ ಸವೆದುಹೋಗಿದೆ. ಸ್ಲೊವೇನಿಯನ್‌ನಲ್ಲಿ ಇವತ್ತಿಗೂ ಬದುಕಿದೆ, ಅದೂ ದಿನಬಳಕೆಯ ಮಾತಲ್ಲಿ. 'ನಾವು' ಅನ್ನೋಕೆ ಒಂದು ಪದ, 'ನಾವಿಬ್ಬರು' ಅನ್ನೋಕೆ ಇನ್ನೊಂದು: 'ಮಿದ್ವಾ'. ಕ್ರಿಯಾಪದವೂ ಅದರ ಹಿಂದೆಯೇ ರೂಪ ಬದಲಾಯಿಸುತ್ತೆ. ಪ್ರೆಶೆರನ್‌ಗೂ ಯೂಲಿಯಾಗೂ ಆ 'ಮಿದ್ವಾ' ದಕ್ಕಲಿಲ್ಲ ಅಂತ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ನೆಪೋಲಿಯನ್ ಕಾಲದಲ್ಲಿ, 1809ರಿಂದ 1813ರವರೆಗೆ, ಊರು ಫ್ರೆಂಚರ ಇಲಿರಿಯನ್ ಪ್ರಾಂತ್ಯಗಳ ಮುಖ್ಯ ಪಟ್ಟಣವಾಗಿತ್ತು, ಸ್ಲೊವೇನಿಯನ್ ಭಾಷೆ ಶಾಲೆಗಳಿಗೆ ಕಾಲಿಟ್ಟಿತ್ತು. ಆ ಉಪಕಾರವನ್ನ ಊರು ಮರೆಯಲಿಲ್ಲ, 1929ರಲ್ಲಿ ಅದರ ನೆನಪಿಗೊಂದು ಕಂಬ ನಿಲ್ಲಿಸಿತು. 1895ರ ಭೂಕಂಪದಲ್ಲಿ ಹಳೇ ಊರು ತುಂಬಾ ಜಖಂ ಆಯಿತು. ಮತ್ತೆ ಕಟ್ಟಿದರು.

ಆಮೇಲೆ ಬಂದವರು ಯೋಜೆ ಪ್ಲೆಚ್ನಿಕ್. ಇದೇ ಊರಲ್ಲಿ ಹುಟ್ಟಿ, ವಿಯೆನ್ನಾದಲ್ಲಿ, ಪ್ರಾಗ್‌ನ ಅರಮನೆಯಲ್ಲಿ ಹೆಸರು ಮಾಡಿದ ವಾಸ್ತುಶಿಲ್ಪಿ 1921ರಲ್ಲಿ ಊರಿಗೆ ವಾಪಸ್ ಬಂದರು. ಅವರ ಕೆಲಸ ನೋಡಿ. ಚೌಕದ ಪಕ್ಕದಲ್ಲೇ 1842ರ ಕಲ್ಲಿನ ಸೇತುವೆ ಇತ್ತು, ಓಡಾಟಕ್ಕೆ ಸಾಲ್ತಿರಲಿಲ್ಲ. ಬೇರೆಯವರಾಗಿದ್ದರೆ ಕೆಡವಿ ಅಗಲ ಮಾಡ್ತಿದ್ದರು. ಇವರು ಹಳೇದನ್ನ ಮುಟ್ಟದೆ ಆ ಕಡೆಗೊಂದು, ಈ ಕಡೆಗೊಂದು ಕಾಲುಸೇತುವೆ ಕಟ್ಟಿದರು. ಅದೇ ಇವತ್ತಿನ ತ್ರಿವಳಿ ಸೇತುವೆ. ಮೊದಲು ಅದರ ಮೇಲೆ ಬಸ್ಸು, ಕಾರು ಓಡ್ತಿದ್ದವು. 2007ರಿಂದ ಬರೀ ನಡೆಯೋರಿಗೆ, ಸೈಕಲ್ಲಿನವರಿಗೆ ಬಿಟ್ಟಿದ್ದಾರೆ.

ಆದರೆ ನಾನು ಹಿಡಿದು ನಿಲ್ಲಿಸಿ ತೋರಿಸೋದು ಅವರ ಗ್ರಂಥಾಲಯವನ್ನ, ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯ. 1936ರಿಂದ 1941ರವರೆಗೆ ಕಟ್ಟಿದ್ದು. ಹೊರಗೋಡೆಯಲ್ಲಿ ಕೆಂಪು ಇಟ್ಟಿಗೆ, ನಡುನಡುವೆ ಒರಟು ಕಲ್ಲುಗಳು. ಬಾಗಿಲ ಹಿಡಿಕೆ ಕುದುರೆಯ ತಲೆ. ಒಳಗೆ ಕಾಲಿಟ್ಟರೆ ಕತ್ತಲು, 32 ಕಪ್ಪು ಅಮೃತಶಿಲೆ ಕಂಬಗಳ ನಡುವೆ ಮೆಟ್ಟಿಲು. ಹತ್ತುತ್ತಾ ಹೋದ ಹಾಗೆ ಬೆಳಕು ಹೆಚ್ಚುತ್ತೆ, ಕೊನೆಗೆ ಓದುವ ಕೋಣೆ. ತಮಸೋಮಾ ಜ್ಯೋತಿರ್ಗಮಯ ಅಂತ ನಾವು ಬಾಯಲ್ಲಿ ಹೇಳೋದನ್ನ ಈ ಮನುಷ್ಯ ಮೆಟ್ಟಿಲಲ್ಲಿ ಕಟ್ಟಿಟ್ಟಿದ್ದಾರೆ. 1944ರ ಜನವರಿಯಲ್ಲಿ ಒಂದು ವಿಮಾನ ಅದೇ ಓದುವ ಕೋಣೆಗೆ ಅಪ್ಪಳಿಸಿ ಸಾವಿರಾರು ಪುಸ್ತಕಗಳು ಸುಟ್ಟುಹೋದವು. ಅದನ್ನೂ ಸರಿ ಮಾಡಿಕೊಂಡರು.

ಈಗ ಹತ್ತು ಸೆಂಟ್ ನಾಣ್ಯ. ಅದರ ಮೇಲಿರೋದು ಶಂಕುವಿನ ಹಾಗೆ ಮುಗಿಲಿಗೇರಿದ ಒಂದು ಕಟ್ಟಡ, ಪ್ಲೆಚ್ನಿಕ್ ಬರೆದ ಸಂಸತ್ ಭವನದ ನಕ್ಷೆ. ಅದನ್ನ ಯಾರೂ ಕಟ್ಟಲಿಲ್ಲ. ಗ್ರಂಥಾಲಯ ಎದ್ದು ನಿಂತಿತು, ಸಂಸತ್ತು ನಾಣ್ಯದಲ್ಲೇ ಉಳೀತು. ದೇಶ ಯುಗೊಸ್ಲಾವಿಯಾದಿಂದ ಬೇರೆಯಾಗಿ ಸ್ವತಂತ್ರವಾಗಿದ್ದು ಗ್ರಂಥಾಲಯ ಮುಗಿದ ಐವತ್ತು ವರ್ಷಕ್ಕೆ, 1991ರ ಜೂನ್ 25ರಂದು.

ನಡುವಿನ ಆ ಐವತ್ತು ವರ್ಷದಲ್ಲಿ ಘೋರವೂ ಇದೆ. 1942ರ ಫೆಬ್ರವರಿಯಲ್ಲಿ, ಊರನ್ನ ಆಕ್ರಮಿಸಿಕೊಂಡಿದ್ದ ಇಟಲಿಯ ಸೇನೆ ಇಡೀ ಊರಿನ ಸುತ್ತ ಮುಳ್ಳುತಂತಿ ಬೇಲಿ ಹಾಕಿತು. ಊರೊಳಗಿನ ವಿಮೋಚನಾ ಹೋರಾಟಗಾರರಿಗೂ ಹೊರಗಿನ ಕಾಡಿಗೂ ನಂಟು ಕಡಿಯೋದು ಉದ್ದೇಶ. ಇಟಲಿ ಶರಣಾದ ಮೇಲೆ ಜರ್ಮನ್ನರು ಬಂದರು, ಬೇಲಿ ಹಾಗೇ ಇತ್ತು, 1945ರ ಮೇ 9ರವರೆಗೆ. ಒಂದು ಸಾವಿರದ ನೂರ ಎಪ್ಪತ್ತು ದಿನ. ಇವತ್ತು ಅದೇ ಜಾಡಿನಲ್ಲಿ ಮೂವತ್ತು ಕಿಲೋಮೀಟರ್‌ಗೂ ಉದ್ದದ ಕಾಲುದಾರಿ ಇದೆ, ಇಬ್ಬದಿಯಲ್ಲೂ ಮರ. ಪ್ರತಿ ಮೇ ತಿಂಗಳಲ್ಲಿ ಊರಿನವರು ಅದರಲ್ಲಿ ನಡೀತಾರೆ, ಶಾಲೆ ಮಕ್ಕಳೂ. ಅರ್ಧ ದಿನದ ಪ್ರವಾಸದಲ್ಲಿ ಈ ದಾರಿ ನಿಮಗೆ ಸಿಗಲ್ಲ. ನನ್ನ ತಕರಾರಿನ ತಿರುಳು ಇದೇ.

ಪ್ರೀತಿಯಿಂದಲೇ ಒಂದು ಬೇಸರವನ್ನೂ ಹೇಳಬೇಕು. 1993ರಲ್ಲಿ ಖಾಲಿ ಬಿದ್ದಿದ್ದ ಮಿಲಿಟರಿ ಬ್ಯಾರಕ್ಕುಗಳಿಗೆ ಕಲಾವಿದರು ನುಗ್ಗಿ, ಮೆಟೆಲ್ಕೊವಾ ಅನ್ನೋ ಕಲಾ ಕೇರಿ ಮಾಡಿಕೊಂಡರು. ಇವತ್ತು ಊರು ಅದನ್ನ ಹೆಮ್ಮೆಯಿಂದ ತೋರಿಸುತ್ತೆ. ಅದೇ ಥರ ರೋಗ್ ಅನ್ನೋ ಹಳೇ ಸೈಕಲ್ ಕಾರ್ಖಾನೆಯಲ್ಲಿ ನೆಲೆಸಿದ್ದವರನ್ನ 2021ರ ಜನವರಿಯ ಚಳಿಯಲ್ಲಿ ಹೊರಹಾಕಿದರು. ಈಗ ಅಲ್ಲಿ ಅಚ್ಚುಕಟ್ಟಾದ ಹೊಸ ಕೇಂದ್ರ ಇದೆ. ಚೆನ್ನಾಗೇ ಇದೆ. ಆದರೆ ಹಳೇ ಸೇತುವೆಯನ್ನ ಉಳಿಸಿಕೊಂಡೇ ಹೊಸದನ್ನ ಪಕ್ಕಕ್ಕೆ ಜೋಡಿಸಿದ ಊರು ಇದು. ಈ ವಿಷಯದಲ್ಲಿ ಯಾಕೆ ಹಾಗೆ ಮಾಡಲಿಲ್ಲ?

ಹೋಗೋದಾದರೆ ಫೆಬ್ರವರಿಗೆ ಹೋಗಿ. ಫೆಬ್ರವರಿ 8 ಪ್ರೆಶೆರನ್ ತೀರಿಕೊಂಡ ದಿನ, ಇಡೀ ದೇಶಕ್ಕೆ ರಜೆ. ಚಳಿ ಮೂಳೆ ಕೊರೆಯುತ್ತೆ, ಬೆಚ್ಚಗೆ ಹಾಕಿಕೊಳ್ಳಿ. ಚೌಕದಲ್ಲಿ, ಆ ಪ್ರತಿಮೆಯ ಕೆಳಗೆ, ನಾಟಕದ ಕಲಾವಿದರು ಒಬ್ಬರಾದ ಮೇಲೊಬ್ಬರು ಬಂದು ಅವನ ಪದ್ಯಗಳನ್ನ ಓದ್ತಾರೆ. ಜನ ನಿಂತು ಕೇಳ್ತಾರೆ. ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ, 'ಮಿದ್ವಾ' ಕಿವಿಗೆ ಬೀಳುತ್ತಾ ನೋಡಿ.